ಕೊನೆಯ ಇಚ್ಛೆ: ಬಾಯಿಮಾತೋ, ಬರಹವೋ?

ಕೋಲಾರದ ಕಡೆಯ ಮನೆಗಳಲ್ಲಿ ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎಂದು ತಡೆಯುವವರೇ ಹೆಚ್ಚು. ಆದರೂ ತಮ್ಮನ್ನು ಹೊಲದಲ್ಲಿ ಹಿರಿಯರ ಸಮಾಧಿಯ ಪಕ್ಕ ಮಣ್ಣು ಮಾಡಬೇಕೋ, ಸುಡಬೇಕೋ, ದೇಹವನ್ನು ಟಮಕದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಬೇಕೋ ಎಂಬುದನ್ನು ಮೊದಲೇ ತಿಳಿಸಬಯಸುವವರಿಗೆ ಎರಡು ದಾರಿಗಳಿವೆ.

ಬಾಯಿಮಾತಿಗೆ ಖರ್ಚಿಲ್ಲ, ಮನಸ್ಸು ಬದಲಾದರೆ ತಿದ್ದುವುದೂ ಸುಲಭ. ಆದರೆ ಮಕ್ಕಳಲ್ಲಿ ಒಮ್ಮತವಿಲ್ಲದಿದ್ದರೆ ಆ ಹೊತ್ತಿನಲ್ಲಿ ನಡೆಯುವುದು ದನಿ ದೊಡ್ಡದಿರುವವರ ಮಾತೇ.

ಬರಹದಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ; ಆದರೆ ಅದನ್ನು ತೆರೆಯುವುದು ಸಾಮಾನ್ಯವಾಗಿ ತಿಥಿ ಮುಗಿದ ಮೇಲೆ, ಆದ್ದರಿಂದ ಅಂತ್ಯಕ್ರಿಯೆಯ ವಿಷಯವನ್ನು ಬೇರೆ ಹಾಳೆಯಲ್ಲಿ ಬರೆದು ಮನೆಯವರ ಕೈಗೇ ಕೊಡುವುದು ಲೇಸು. ಗುಣವಾಗದ ಸ್ಥಿತಿಯಲ್ಲಿ ಕೃತಕ ಜೀವರಕ್ಷಣೆ ಬೇಡವೆನ್ನುವ ಮುಂಗಡ ಸೂಚನೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿತು. 2023ರ ಸರಳೀಕರಣದ ನಂತರ ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇದಕ್ಕಂತೂ ಬಾಯಿಮಾತು ಸಾಲದು.

ದೇಹದಾನಕ್ಕೆ ಮಾತ್ರ ಎರಡೂ ಬೇಕು: ಒಪ್ಪಿಗೆ ಪತ್ರ ಬೀರುವಿನಲ್ಲಿದ್ದರೂ, ಕಾಲೇಜಿಗೆ ಫೋನ್ ಮಾಡಬೇಕಾದವರು ಮನೆಯವರೇ.