ಕಾಂಗ್‌ಲುಂಗೋ, ನರಿನ್ನೋ? ಬೆಟ್ಟದ ಕ್ಯಾಂಪಸ್‌ಗೆ ಪಾಠ ಮಾಡಲು ಹೊರಟವರಿಗೆ

ಒಂದು ಕಡೆ ಪೂರ್ವ ಭೂತಾನದ ಕಾಂಗ್‌ಲುಂಗ್‌ನಲ್ಲಿರುವ ಶೆರುಬ್ಟ್ಸೆ ಕಾಲೇಜು, ಇನ್ನೊಂದು ಕಡೆ ಕಿರ್ಗಿಸ್ತಾನದ ನರಿನ್‌ನಲ್ಲಿ 2016ರಲ್ಲಿ ಶುರುವಾದ ಯೂನಿವರ್ಸಿಟಿ ಆಫ್ ಸೆಂಟ್ರಲ್ ಏಷ್ಯಾ ಕ್ಯಾಂಪಸ್. ಎರಡರಲ್ಲೂ ಪಾಠ ಇಂಗ್ಲಿಷಿನಲ್ಲೇ. ತಮಾಷೆ ಅಂದ್ರೆ, ಎರಡೂ ಕಡೆ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ.

ಕಾಂಗ್‌ಲುಂಗ್‌ಗೆ ಗುವಾಹಟಿಗೆ ಹೋಗಿ, ಗಡಿಯ ಊರು ಸಮ್‌ದ್ರುಪ್ ಜೋಂಗ್‌ಖಾರ್ ದಾಟಿ ರಸ್ತೆಯಲ್ಲೇ ಏರಬಹುದು. ಹಾಗಾಗಿ ಪುಸ್ತಕ, ಕುಕ್ಕರ್ ಜಾಸ್ತಿ ಒಯ್ದರೂ ಚಿಂತೆಯಿಲ್ಲ. ಮಳೆಗಾಲದಲ್ಲಿ ಮಾತ್ರ ಗುಡ್ಡ ಕುಸಿದು ದಾರಿ ಮುಚ್ಚುತ್ತದೆ, ಜುಲೈ ಪ್ರಯಾಣ ಬೇಡ. ನಮಗೆ ವೀಸಾ ಬೇಕಿಲ್ಲ, ಆದರೆ ಕೆಲಸದ ಪರವಾನಗಿ ಬೇಕು. ಅಲ್ಲಿನ ಹಣ ಙುಲ್ಟ್ರಮ್; ಒಂದು ಙುಲ್ಟ್ರಮ್ ಅಂದರೆ ಒಂದು ರೂಪಾಯಿ, ಲೆಕ್ಕ ಸುಲಭ.

ನರಿನ್ ಹಾಗಲ್ಲ. ರಾಜಧಾನಿ ಬಿಷ್ಕೆಕ್‌ನಿಂದ ಸುಮಾರು 300 ಕಿ.ಮೀ. ರಸ್ತೆ, ನಡುವೆ 3,000 ಮೀಟರ್ ಎತ್ತರದ ಡೊಲೊನ್ ಕಣಿವೆದಾರಿ. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಮಾಮೂಲು. ಇಲ್ಲಿಂದ ಸ್ವೆಟರ್ ರಾಶಿ ಹೊರಬೇಡಿ. ದಪ್ಪ ಕೋಟು, ಬೂಟು ಬಿಷ್ಕೆಕ್ ಬಜಾರಿನಲ್ಲೇ ಕೊಳ್ಳಿ, ಆ ಚಳಿ ಅವರಿಗೆ ಗೊತ್ತು. ವಿಮಾನದ ತೂಕದ ಮಿತಿಯನ್ನು ತೊಗರಿಬೇಳೆ, ಹುಣಸೆ, ಸಾರಿನ ಪುಡಿಗೆ ಉಳಿಸಿ. ಊರಲ್ಲಿ ಮಾಂಸದ ಊಟವೇ ಹೆಚ್ಚು. ಸಸ್ಯಾಹಾರಿಗಳು ಅಡುಗೆ ಕಲಿತೇ ಹೋಗಬೇಕು. ರಷ್ಯನ್ ಅಕ್ಷರಗಳನ್ನೂ ಕಲಿತುಕೊಳ್ಳಿ, ಕಿರ್ಗಿಜ್ ಬರೆಯುವುದೂ ಅದೇ ಲಿಪಿಯಲ್ಲಿ. ಪದವಿ ಪ್ರಮಾಣಪತ್ರಗಳ ದೃಢೀಕರಣವನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ.

ಭೂತಾನದಲ್ಲಿ ಊಟದ ಗೋಳು ಕಡಿಮೆ. ಎಮಾ ದತ್ಶಿ ಅಂದರೆ ಚೀಸಿನಲ್ಲಿ ಬೇಯಿಸಿದ ಮೆಣಸಿನಕಾಯಿ, ಜೊತೆಗೆ ಅನ್ನ. ಖಾರ ತಿನ್ನೋರಿಗೆ ಇನ್ನೇನು ಬೇಕು, ಅಲ್ವಾ?

ಮನೆಯಲ್ಲಿ ವಯಸ್ಸಾದ ಅಪ್ಪ-ಅಮ್ಮ ಇದ್ದರೆ ನಾನು ಕಾಂಗ್‌ಲುಂಗ್ ಅನ್ನುತ್ತೇನೆ. ಒಂಟಿಯಾಗಿದ್ದು, ಹಿಮ ಇಷ್ಟವಿದ್ದರೆ ನರಿನ್.