ಪಳಗಿದ ಕೈಗಳ ಡೆತ್ ಮೆಟಲ್: ಮೂರು ಆಲ್ಬಂ, ಒಂದೇ ಹೆಡ್‌ಫೋನ್

ದಿ ಹೇಲೋ ಎಫೆಕ್ಟ್ ತಂಡದ ಎರಡನೇ ಆಲ್ಬಂ 'ಮಾರ್ಚ್ ಆಫ್ ದಿ ಅನ್‌ಹರ್ಡ್' 2025ರ ಜನವರಿಯಲ್ಲಿ ಬಂತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಡೆತ್ ಮೆಟಲ್ (ಒರಟು ಗಿಟಾರ್, ಗುರುಗುಟ್ಟುವ ದನಿಯ ಬಿರುಸಿನ ರಾಕ್ ಸಂಗೀತ) ತಂಡ ಇದು. ಐವರೂ ಒಂದಲ್ಲ ಒಂದು ಕಾಲದಲ್ಲಿ ಅದೇ ಊರಿನ ಹೆಸರಾಂತ ಮೆಟಲ್ ತಂಡ ಇನ್ ಫ್ಲೇಮ್ಸ್ ಜೊತೆ ನುಡಿಸಿದವರೇ. ಇಂಥ ಹಳೆ ಹುಲಿಗಳು ಸೇರಿ ಕಟ್ಟಿದ ತಂಡಗಳು ಬೇರೆಯೂ ಇವೆ ಅಲ್ವಾ? ಹಾಗಾಗಿ ಬ್ಲಡ್‌ಬಾತ್‌ನ 'ಸರ್ವೈವಲ್ ಆಫ್ ದಿ ಸಿಕೆಸ್ಟ್' (2022), ಮೆಮೋರಿಯಮ್‌ನ 'ರೈಸ್ ಟು ಪವರ್' (2023) ಎರಡನ್ನೂ ಪಕ್ಕಕ್ಕಿಟ್ಟುಕೊಂಡು ಕೇಳಿದೆ. ಮೊದಲು ಹೆಡ್‌ಫೋನ್‌ನಲ್ಲಿ, ಆಮೇಲೆ ಸ್ಪೀಕರ್‌ನಲ್ಲಿ. ನನಗೆ ತಿಳಿಯಬೇಕಿದ್ದದ್ದು ಒಂದೇ. ಇವರು ಈಗಿನ ವಯಸ್ಸಿನ ಸಂಗೀತ ಮಾಡಿದ್ದಾರಾ, ಇಲ್ಲಾ ಹರೆಯದಲ್ಲಿ ನುಡಿಸಿದ್ದನ್ನೇ ಮತ್ತೆ ನುಡಿಸುತ್ತಿದ್ದಾರಾ?

ಕಿವಿಗೆ ಮೊದಲು ಹಿಡಿಸಿದ್ದು ಹೇಲೋ ಎಫೆಕ್ಟ್. ಯೆಸ್ಪರ್ ಸ್ಟ್ರೋಮ್‌ಬ್ಲಾಡ್ ಕಟ್ಟುವ ಜೋಡಿ ಗಿಟಾರ್ ಹಾರ್ಮನಿ ಕೇಳಿದ ಕೂಡಲೇ ಗುರುತು ಸಿಗುತ್ತದೆ. ರಾಗಕ್ಕೆ ಒತ್ತು ಕೊಡುವ ಮೆಲೋಡಿಕ್ ಡೆತ್ ಮೆಟಲ್‌ಗೆ ಈ ರೂಪ ಕೊಟ್ಟವರಲ್ಲಿ ಅವರೂ ಒಬ್ಬರು. ಡಾರ್ಕ್ ಟ್ರ್ಯಾಂಕ್ವಿಲಿಟಿ ತಂಡದ ಮಿಕಾಯೆಲ್ ಸ್ಟಾನೆ ಇಲ್ಲಿ ಹಾಡುತ್ತಾರೆ. 1994ರಲ್ಲಿ ಇನ್ ಫ್ಲೇಮ್ಸ್‌ನ ಮೊದಲ ಆಲ್ಬಂಗೆ ದನಿ ಕೊಟ್ಟವರೂ ಇವರೇ. ಅವರ ಗ್ರೋಲ್ (ಗಂಟಲಿನಾಳದಿಂದ ಗುರುಗುಟ್ಟುತ್ತ ಹಾಡುವುದು) ಇವತ್ತಿಗೂ ಗಟ್ಟಿಯಾಗಿದೆ, ಸ್ಪಷ್ಟವಾಗಿದೆ. ತಕರಾರು ಬೇರೆ ಕಡೆ. ಕೋರಸ್ ಎಲ್ಲಿ ಬರುತ್ತದೆ, ಲೀಡ್ ಗಿಟಾರ್ ಎಲ್ಲಿ ಶುರುವಾಗುತ್ತದೆ ಅನ್ನುವುದು ಮೊದಲೇ ಗೊತ್ತಾಗಿಬಿಡುತ್ತದೆ. ದನಿ, ವಾದ್ಯಗಳನ್ನು ಬೆರೆಸಿದ ರೀತಿ (ಮಿಕ್ಸ್) ಕೂಡ ತೀರಾ ನುಣುಪು. ನಡುವೆ ಬರುವ ಪುಟ್ಟ ವಾದ್ಯ ಸಂಗೀತದ ತುಣುಕು ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಅದು ಇನ್ನಷ್ಟು ಬೆಳೆಯಲಿ ಅನ್ನುವಷ್ಟರಲ್ಲಿ ಮುಗಿದೇ ಹೋಗುತ್ತದೆ.

ಮೆಮೋರಿಯಮ್ ಹುಟ್ಟಿದ್ದು ದುಃಖದಲ್ಲಿ. ಇಂಗ್ಲೆಂಡಿನ ಡೆತ್ ಮೆಟಲ್ ತಂಡ ಬೋಲ್ಟ್ ಥ್ರೋವರ್‌ನ ಡ್ರಮ್ಮರ್ ಮಾರ್ಟಿನ್ ಕರ್ನ್ಸ್ 2015ರಲ್ಲಿ ತೀರಿಕೊಂಡರು. ಮರುವರ್ಷ ಆ ತಂಡ ನಿಂತೇ ಹೋಯಿತು. ಅದರ ಗಾಯಕ ಕಾರ್ಲ್ ವಿಲೆಟ್ಸ್, ಬೆನಿಡಿಕ್ಷನ್ ತಂಡದಲ್ಲಿ ಬಾಸ್ ಗಿಟಾರ್ ನುಡಿಸಿದ್ದ ಫ್ರ್ಯಾಂಕ್ ಹೀಲಿ ಮತ್ತಿತರರು ಸೇರಿ ಇಂಗ್ಲೆಂಡಿನಲ್ಲಿ ಇದನ್ನು ಶುರು ಮಾಡಿದರು. 'ರೈಸ್ ಟು ಪವರ್' ಅವರ ಐದನೇ ಆಲ್ಬಂ. ವೇಗದ ಹಂಬಲ ಇಲ್ಲಿಲ್ಲ. ಗಿಟಾರಿಸ್ಟ್ ಸ್ಕಾಟ್ ಫೇರ್‌ಫ್ಯಾಕ್ಸ್ ಅವರ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಒಂದೇ ನಡಿಗೆಯಲ್ಲಿ ಮುಂದೆ ಸಾಗುತ್ತದೆ. ಎರಡೂ ಕಾಲಲ್ಲಿ ನುಡಿಸುವ ಡಬಲ್ ಬಾಸ್ ಡ್ರಮ್ ಅದರ ಕೆಳಗೆ ಭಾರ ಹೊತ್ತು ನಡೆಯುತ್ತದೆ. ವಿಲೆಟ್ಸ್ ಬೋಲ್ಟ್ ಥ್ರೋವರ್ ಕಾಲದಿಂದಲೂ ಯುದ್ಧದ ಬಗ್ಗೆ ಹಾಡಿದವರು. ಆಗ ರಣರಂಗದ ಅಬ್ಬರ ಜಾಸ್ತಿ ಇತ್ತು. ಈಗ ಕೇಳಿಸುವುದು ಯುದ್ಧ ಬಿಟ್ಟುಹೋದ ನೋವು, ಅಧಿಕಾರದಲ್ಲಿ ಕೂತವರ ಮೇಲಿನ ಸಿಟ್ಟು. ಗಂಟಲು ಒರಟಾಗಿದೆ, ಆದರೂ ಮಾತು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಆ ಒರಟುತನವನ್ನು ಮುಚ್ಚಿಡುವ ಪ್ರಯತ್ನವೇ ಇಲ್ಲ. ನನಗೆ ಬೇಕಿದ್ದ ಉತ್ತರ ಸಿಕ್ಕಿದ್ದು ಇಲ್ಲೇ. ಈ ಸಂಗೀತವನ್ನು ಇಪ್ಪತ್ತರ ಹುಡುಗರು ಮಾಡಲಾರರು. ಹೆಡ್‌ಫೋನ್‌ನಲ್ಲಿ ಸ್ವಲ್ಪ ಮಂಕಾಗಿ ಕೇಳಿಸಿತು. ಸ್ಪೀಕರ್‌ಗೆ ಹಾಕಿದ ಮೇಲೆ ಎದೆಗೆ ತಟ್ಟಿತು.

ಬ್ಲಡ್‌ಬಾತ್ 1998ರಲ್ಲಿ ಕ್ಯಾಟಟೋನಿಯಾ, ಓಪೆತ್ ತಂಡಗಳ ಗೆಳೆಯರು ಸ್ಟಾಕ್‌ಹೋಮ್‌ನ ಹಳೆ ಡೆತ್ ಮೆಟಲ್ ಸದ್ದಿನ ಮೇಲಿನ ಪ್ರೀತಿಯಿಂದ ಶುರು ಮಾಡಿದ ತಂಡ. ಬಾಸ್ (Boss) ಕಂಪನಿಯ ಎಚ್‌ಎಂ-2 ಅನ್ನುವ ಗಿಟಾರ್ ಪೆಡಲ್‌ನ ನಾಬ್‌ಗಳನ್ನೆಲ್ಲ ಪೂರ್ತಿ ತಿರುಗಿಸಿದರೆ ಬರುತ್ತದಲ್ಲ, ಆ ಗರಗಸದಂಥ ಸದ್ದು. ಈ ಆಲ್ಬಂನಲ್ಲಿ ಅವರು ಅಮೆರಿಕದ ಫ್ಲೋರಿಡಾದ ಡೆತ್ ಮೆಟಲ್ ಶೈಲಿಯ ಕಡೆ ವಾಲಿದ್ದಾರೆ. ರಿಫ್‌ಗಳು ಚಿಕ್ಕವು, ಚೂಪು. ಮಾರ್ಟಿನ್ ಆಕ್ಸೆನ್‌ರೋಟ್ ಅವರ ಡ್ರಮ್ಸ್ ಮೂರು ಆಲ್ಬಂಗಳಲ್ಲೂ ಮೇಲು. ತಮ್ಮ ಇನ್ನೊಂದು ತಂಡ ಪ್ಯಾರಡೈಸ್ ಲಾಸ್ಟ್‌ನಲ್ಲಿ ವರ್ಷಗಟ್ಟಲೆ ಗ್ರೋಲ್ ಬಿಟ್ಟಿದ್ದ ನಿಕ್ ಹೋಮ್ಸ್ 2014ರಿಂದ ಇಲ್ಲಿ ಹಾಡುತ್ತಿದ್ದಾರೆ. ಒಣಗಿದ ಆ ದನಿ ಹೆಣ, ಕೊಳೆತಗಳ ಈ ಹಾಡುಗಳಿಗೆ ಚೆನ್ನಾಗಿ ಒಪ್ಪುತ್ತದೆ. ನೇಪಾಮ್ ಡೆತ್‌ನ ಬಾರ್ನಿ ಗ್ರೀನ್‌ವೇ, ಗೋರ್ಗಟ್ಸ್‌ನ ಲುಕ್ ಲೆಮೇ ಕೂಡ ಅತಿಥಿಗಳಾಗಿ ಬಂದು ಹೋಗುತ್ತಾರೆ. ಕೇಳುವಾಗ ಮೈಯೆಲ್ಲ ಹುರುಪು. ಮುಗಿದ ಮೇಲೆ ಮನಸ್ಸಲ್ಲಿ ಉಳಿಯುವುದು ಕಡಿಮೆ.

ಈ ಸಂಗೀತಕ್ಕೆ ಹೊಸಬರಾದರೆ ಹೇಲೋ ಎಫೆಕ್ಟ್‌ನಿಂದ ಶುರು ಮಾಡಿ, ರಾಗ ಕೈ ಹಿಡಿದು ನಡೆಸುತ್ತದೆ. ಗ್ರೋಲ್ ಈಗಾಗಲೇ ರೂಢಿಯಾಗಿದ್ದರೆ ಬ್ಲಡ್‌ಬಾತ್‌ಗೆ ಹೋಗಿ. ಒಂದನ್ನೇ ಇಟ್ಟುಕೋ ಅಂದರೆ ನನ್ನ ಆಯ್ಕೆ ಮೆಮೋರಿಯಮ್. ಅದನ್ನು ಹಾಡು ಆರಿಸಿ ಕೇಳಬೇಡಿ, ಮೊದಲಿಂದ ಕೊನೆತನಕ ಒಂದೇ ಓಟಕ್ಕೆ ಕೇಳಿ.