ಹತ್ತೊಂಬತ್ತು ತಿಂಗಳ ಮನೆಪಾಠ: ಉಡುಪಿಯಲ್ಲಿ ಇಂಗ್ಲಿಷ್ ಮಾತು ಕಲಿತ ಅನುಭವ

ಉಡುಪಿಯ ರಥಬೀದಿಯ ಸಮೀಪದ ವಸತಿಗೃಹವೊಂದರ ಕೌಂಟರಿನಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮನೆಮಾತು ತುಳು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು. ಆದರೆ 2024ರ ಜನವರಿಯಲ್ಲಿ, ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ಹೋಗುವ ಪರ್ಯಾಯ ಉತ್ಸವ ಪುತ್ತಿಗೆ ಮಠದ ಸರದಿಗೆ ಬಂದ ಸಮಯದಲ್ಲಿ, ಹೊರರಾಜ್ಯಗಳಿಂದ ಕೋಣೆ ಕೇಳಿ ಬಂದ ಪ್ರತಿಯೊಂದು ಕರೆಯನ್ನೂ ಪಕ್ಕದಲ್ಲಿದ್ದ ಹುಡುಗನ ಕೈಗೆ ಕೊಟ್ಟೆ. ಆ ಬೇಸರದಲ್ಲೇ ಜೂನ್ ತಿಂಗಳಿನಿಂದ ಮನೆಗೆ ಬಂದು ಕಲಿಸುವ ಶಿಕ್ಷಕಿಯೊಬ್ಬರಲ್ಲಿ ಪಾಠ ಆರಂಭಿಸಿದೆ. ವಾರಕ್ಕೆ ಎರಡು ದಿನ, ಗಂಟೆಗೆ 350 ರೂಪಾಯಿ.

ಹಿಂದೆ ಮೂರು ತಿಂಗಳು ಹೋಗಿದ್ದ ಸಾಮೂಹಿಕ ತರಗತಿಯಲ್ಲಿ ವ್ಯಾಕರಣದ ಪಟ್ಟಿಗಳು ಬಾಯಿಪಾಠವಾದವೇ ಹೊರತು ಮಾತನಾಡುವ ಸರದಿ ನನಗೆ ಬಂದದ್ದೇ ಅಪರೂಪ. ಈ ಶಿಕ್ಷಕಿ ಮೊದಲು ಗುರುತಿಸಿದ್ದು ನಾನು ಎಲ್ಲಿ ತಡವರಿಸುತ್ತೇನೆ ಎಂಬುದನ್ನು. ಕನ್ನಡ, ತುಳು ಎರಡರಲ್ಲೂ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ನಾನು ಇಡೀ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ಅದನ್ನು ಹಿಂದುಮುಂದು ಮಾಡಿಕೊಂಡು ಹೇಳಲು ಹೊರಡುತ್ತಿದ್ದೆ. ಅಷ್ಟರಲ್ಲಿ ಆ ಕಡೆಯವರು ಫೋನ್ ಇಟ್ಟಿರುತ್ತಿದ್ದರು. "ಅಕ್ಕ, ಯಾರು, ಏನು ಮಾಡ್ತಾರೆ ಅಂತ ಮೊದಲು ಹೇಳಿಬಿಡಿ, ಉಳಿದದ್ದು ಹಿಂದಿನಿಂದ ಬರ್ತದೆ" ಎಂದು ಅವರು ಹೇಳಿದ್ದು ನನಗೆ ಇಡೀ ಪಾಠದ ತಿರುಳೆನಿಸಿದೆ. ನಾನು ಮಾತನಾಡುವಾಗ ಅವರು ನಡುವೆ ತಡೆಯುತ್ತಿರಲಿಲ್ಲ. ತಪ್ಪುಗಳನ್ನು ಬರೆದಿಟ್ಟುಕೊಂಡು ಕೊನೆಯಲ್ಲಿ ಮೂರನ್ನು ಮಾತ್ರ ತಿದ್ದುತ್ತಿದ್ದರು. ಪಕ್ಕದ ಕೋಣೆಯಿಂದ ಗಿರಾಕಿಯಂತೆ ನನಗೆ ಫೋನ್ ಮಾಡಿ ಬಾಡಿಗೆ, ಮಲ್ಪೆಗೆ ಹೋಗುವ ದಾರಿ, ಕನಕನ ಕಿಂಡಿಯ ಕಥೆ ಎಲ್ಲವನ್ನೂ ಕೇಳುತ್ತಿದ್ದರು. ಮುಖ ಕಾಣದೆ ಮಾತನಾಡುವ ಭಯ ಹೋದದ್ದು ಈ ಅಭ್ಯಾಸದಿಂದಲೇ.

ಉಚ್ಚಾರಣೆಯ ವಿಷಯದಲ್ಲಿ ನನಗೆ ಅಸಮಾಧಾನವಿದೆ. ನಮ್ಮ ‘ವ’ ಒಂದೇ ಆದರೂ ಇಂಗ್ಲಿಷಿನಲ್ಲಿ ‘ವಿ’ ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ಡಬ್ಲ್ಯೂ’ಗೆ ತುಟಿಗಳು ದುಂಡಗಾಗಬೇಕು, ಬಳ್ಳಿ ಎಂಬರ್ಥದ ವೈನ್ ಮತ್ತು ಮದ್ಯವೆಂಬರ್ಥದ ವೈನ್ ಬೇರೆಯಾಗುವುದು ಹಾಗೆ. ಇದನ್ನು ಅವರು ಹೇಳಿಕೊಟ್ಟದ್ದು ಒಂದು ವರ್ಷದ ನಂತರ, ನಾನು ಕೇಳಿದ ಮೇಲೆ. ಅಷ್ಟರಲ್ಲಿ ಅಭ್ಯಾಸ ಬೇರೂರಿತ್ತು. ಏಪ್ರಿಲ್‌, ಮೇ ತಿಂಗಳುಗಳಲ್ಲಿ ಪಾಠಗಳು ಹಲವು ಬಾರಿ ತಪ್ಪಿದವು, ಶುಲ್ಕವೂ 450 ರೂಪಾಯಿಗೆ ಏರಿತು.

ಓದಿ ಅರ್ಥಮಾಡಿಕೊಳ್ಳಬಲ್ಲವರಾಗಿದ್ದು ನಾಲಗೆ ಮಾತ್ರ ಹೊರಳದವರಿಗೆ ಇಂತಹ ಪಾಠವನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಅಕ್ಷರದಿಂದಲೇ ಆರಂಭಿಸುವವರಿಗೆ ಇದು ಸಾಲದು. 2026ರ ಜನವರಿಯಲ್ಲಿ ಶಿರೂರು ಮಠದ ಪರ್ಯಾಯಕ್ಕೆ ಬಂದ ಕರೆಗಳನ್ನು ನಾನೇ ತೆಗೆದುಕೊಂಡೆ. ಪುಣೆಯ ಕುಟುಂಬವೊಂದರ ಹಿರಿಯರು ಎರಡು ಬಾರಿ "ಮತ್ತೊಮ್ಮೆ ಹೇಳಿ" ಎಂದರು, ಎರಡು ಬಾರಿಯೂ ನಿಧಾನವಾಗಿ ಹೇಳಿದೆ, ಕೋಣೆ ಕಾಯ್ದಿರಿಸಿದರು.